ಪರ್ಸಿನಲ್ಲಿದ್ದ ಸಾರ್ಬಿಟ್ರೇಟ್

ನಿನ್ನೆ ನೈಟ್ ಡ್ಯೂಟಿ. ಹೊರಗೆ ಕೊಡಗಿನ ಮಳೆ, ಗೊತ್ತಲ್ಲ. ತೋಟದಿಂದ ಜೀಪಲ್ಲಿ ಒಬ್ಬರನ್ನು ಕರೆತಂದರು. ಎದೆನೋವು. ಬೆವರು ಯಾವುದು, ಮಳೆನೀರು ಯಾವುದು ಅಂತ ತಿಳಿಯದಷ್ಟು ಒದ್ದೆ. ಇಸಿಜಿ ಲೀಡ್ ಎದೆಗೆ ಅಂಟುತ್ತಲೇ ಇಲ್ಲ. ಸಿಸ್ಟರ್ ಟವೆಲಲ್ಲಿ ಎದೆ ಒರೆಸಿದ ಮೇಲೆ ಗೆರೆ ಸರಿ ಬಂತು. ಹಾರ್ಟ್ ಅಟ್ಯಾಕ್, ಹೃದಯದ ಕೆಳಭಾಗದ್ದು.

ಆಸ್ಪಿರಿನ್ 300 ಮಿಲಿಗ್ರಾಂ ಅಗಿಯಲು ಕೊಟ್ಟೆವು. ಅದರಲ್ಲಿ ಯೋಚನೆ ಇಲ್ಲ. ಅಷ್ಟರಲ್ಲಿ ಅವರ ಹೆಂಡತಿ ಪರ್ಸಿನಿಂದ ಎದೆನೋವಿನ ಮಾತ್ರೆ ಸಾರ್ಬಿಟ್ರೇಟ್ ತೆಗೆದು, "ಡಾಕ್ಟ್ರೇ, ನಾಲಿಗೆ ಕೆಳಗೆ ಇಡ್ಲಾ?" ಅಂದರು.

"ಬೇಡಮ್ಮ, ತಡೀರಿ."

ಬಿಪಿ ಆಗಲೇ 90ರ ಕೆಳಗಿತ್ತು. ಹೃದಯದ ಬಲಭಾಗಕ್ಕೂ ಪೆಟ್ಟು ಬಿದ್ದಿದ್ದರೆ ಆ ಪುಟ್ಟ ಮಾತ್ರೆ ಬಿಪಿಯನ್ನು ಪಾತಾಳಕ್ಕೆ ಇಳಿಸಿಬಿಡಬಹುದು. ಓದುವಾಗ ಏನು ಕೊಡಬೇಕು ಅಂತ ಬಾಯಿಪಾಠ ಮಾಡಿದ್ದೇ ಜಾಸ್ತಿ. ಇಲ್ಲಿ ನೋಡಿದರೆ ಕೈ ತಡೆಯುವುದೇ ಅರ್ಧ ಕೆಲಸ ಅಲ್ವಾ?

ಹೃದಯದ ಕಟ್ಟಿದ ರಕ್ತನಾಳ ತೆರೆಯುವ ಆಂಜಿಯೋಪ್ಲಾಸ್ಟಿಗೆ ಮೈಸೂರೇ ಗತಿ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್, ಈ ಮಳೆಯಲ್ಲಿ. ಎರಡು ಗಂಟೆಯೊಳಗೆ ಆಗದಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಲ್ಲೇ ಕೊಡಬೇಕು. ತೂಕ ನೋಡಿ, ಒಂದೇ ಸಲಕ್ಕೆ. ಆದರೆ ಅದರಿಂದ ರಕ್ತಸ್ರಾವ ಆಗುವ ಅಪಾಯವೂ ಇದೆ, ಹಾಗಾಗಿ ಮೊದಲು ಪ್ರಶ್ನೆಗಳು. ಸ್ಟ್ರೋಕ್ ಆಗಿತ್ತಾ? ಆಪರೇಷನ್? ಎಲ್ಲಾದರೂ ಬಿದ್ದಿದ್ದರಾ?

"ಹೋದ ವಾರ ಮರಗಸಿಗೆ ಕೊಂಬೆ ಕಡಿಯುವಾಗ ಏಣಿಯಿಂದ ಬಿದ್ದಿದ್ರು."

ಸಿರಿಂಜ್ ಹಿಡಿದ ಕೈ ಅಲ್ಲೇ ನಿಂತಿತು. "ತಲೆಗೆ ಏಟಾಯ್ತಾ?"

"ಇಲ್ಲ ಸಾರ್, ಕಾಲು ಉಳುಕಿತ್ತು ಅಷ್ಟೇ."

ಕೊಟ್ಟೆವು. ಮುಕ್ಕಾಲು ಗಂಟೆಗೆ ನೋವು ಇಳಿಯಿತು. ಬೆಳಗಿನ ಜಾವ ಆಂಬ್ಯುಲೆನ್ಸ್ ಮೈಸೂರಿಗೆ ಹೊರಟಿತು. ಆ ಸಾರ್ಬಿಟ್ರೇಟ್ ಸ್ಟ್ರಿಪ್ ಇನ್ನೂ ನನ್ನ ಟೇಬಲ್ ಮೇಲೇ ಇದೆ.