ಸಾಂತ್ವನಕ್ಕೂ ಮೆಷಿನ್ನಾ?

ನಿನ್ನೆ ರಾತ್ರಿ ಗೆಳೆಯನ ಅಪ್ಪ ತೀರಿಕೊಂಡ ಸುದ್ದಿ ಬಂತು. ಏನು ಬರೆಯೋದು ಅಂತ ತೋಚದೆ ಎಐ ಹತ್ತಿರ ಕೇಳಿದೆ. ಕ್ಷಣದಲ್ಲಿ ಚೆಂದದ ನಾಲ್ಕು ಸಾಲು. ಕಾಪಿ ಮಾಡಿ, ಪೇಸ್ಟ್ ಮಾಡಿ, ಕಳಿಸೋ ಬಟನ್ ಮೇಲೆ ಬೆರಳು ತಂದವನು ಹಾಗೇ ಕೂತೆ. ಆಮೇಲೆ ಎಲ್ಲಾ ಅಳಿಸಿ "ಬೆಳಿಗ್ಗೆನೇ ಬರ್ತೀನಿ ಕಣೋ" ಅಂತಷ್ಟೇ ಬರೆದೆ.

ಎಐ ಬೇಡವೇ ಬೇಡ ಅನ್ನುವವನು ನಾನಲ್ಲ. ಒಂದು ಪ್ರೋಟೀನ್ ಯಾವ ಆಕಾರಕ್ಕೆ ಮಡಚಿಕೊಳ್ಳುತ್ತೆ ಅಂತ ತಿಳಿಯೋಕೆ ಲ್ಯಾಬಿನಲ್ಲಿ ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತಿದ್ದವು, ಆಲ್ಫಾಫೋಲ್ಡ್ ಅನ್ನೋ ಎಐ 20 ಕೋಟಿಯಷ್ಟು ಪ್ರೋಟೀನ್‌ಗಳ ಆಕಾರ ಊಹಿಸಿ ಕೊಟ್ಟಿದೆ, ಅದನ್ನು ಕಟ್ಟಿದವರಿಗೆ 2024ರ ಕೆಮಿಸ್ಟ್ರಿ ನೊಬೆಲ್‌ನಲ್ಲಿ ಪಾಲೂ ಸಿಕ್ಕಿತು. ಇದರಿಂದ ಹೊಸ ಔಷಧಿಗಳು ಬೇಗ ಬರಲಿ ಅನ್ನೋ ಆಸೆ ನನಗೂ ಇದೆ. ಆದರೆ ಅದೇ ವರ್ಷ ಫಿಸಿಕ್ಸ್ ನೊಬೆಲ್ ಹಂಚಿಕೊಂಡ ಜೆಫ್ರಿ ಹಿಂಟನ್, ಈ ಎಐಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು, 2023ರಲ್ಲಿ ಗೂಗಲ್ ಬಿಟ್ಟು ಅಪಾಯದ ಬಗ್ಗೆ ಬಿಚ್ಚಿ ಮಾತಾಡಿದರು. ಅಡುಗೆ ಮಾಡಿದವರೇ ಎಲೆ ಮುಂದೆ ಕೂರೋಕೆ ಹೆದರಿದರೆ ಹೇಗೆ, ಅಲ್ವಾ?

ನನ್ನ ಭಯ ಸಣ್ಣದು. ಮುಂದಿನ ಸಲ ಸುಮ್ನೆ ಆ ಬಟನ್ ಒತ್ತಿಬಿಡ್ತೀನೇನೋ ಅಂತ.

ಅವನಿಗೂ ನಿದ್ದೆ ಇರಲಿಲ್ಲ ಅನಿಸುತ್ತೆ. ಎರಡೇ ನಿಮಿಷಕ್ಕೆ "ಬೇಗ ಬಾ" ಅಂತ ಬಂತು.