ವನ್ಯಜೀವಿ ಸಾಕ್ಷ್ಯಚಿತ್ರಕ್ಕೆ ಧ್ವನಿ ಕೂಡಿಸುವ ಕೆಲಸ

ಮೈಸೂರಿನಲ್ಲಿ ಸಾಕ್ಷ್ಯಚಿತ್ರಗಳ ಧ್ವನಿ ಸಂಕಲನ ಮಾಡುವ ನನ್ನ ಬಳಿಗೆ ಕೆಲಸ ಕಲಿಯಲು ಬರುವ ಹುಡುಗರು ಹೆಚ್ಚಾಗಿ ಬಿಬಿಸಿಯ ‘ಪ್ಲಾನೆಟ್ ಅರ್ಥ್’ ಸರಣಿಯ ಅಭಿಮಾನಿಗಳು. ಸುಮಾರು ಐದು ವರ್ಷಗಳ ದುಡಿಮೆಯಿಂದ ಸಿದ್ಧವಾಗಿ 2006ರಲ್ಲಿ ಪ್ರಸಾರವಾದ, 11 ಕಂತುಗಳ ಆ ಸರಣಿಯ ಕ್ಯಾಮೆರಾ ಕೆಲಸದ ಬಗ್ಗೆ ಅವರು ಗಂಟೆಗಟ್ಟಲೆ ಮಾತನಾಡಬಲ್ಲರು. ಅದರ ಧ್ವನಿ ಎಲ್ಲಿಂದ ಬಂತೆಂದು ಕೇಳಿದರೆ ಮಾತ್ರ, ಚಿತ್ರದ ಜೊತೆಗೇ ಬಂದಿರಬೇಕು ಎನ್ನುತ್ತಾರೆ.

ಹಾಗೆ ಬರುವ ಸಾಧ್ಯತೆಯೇ ಇರಲಿಲ್ಲ. ಬೋಟ್ಸ್‌ವಾನಾದಲ್ಲಿ ಕಾಡುನಾಯಿಗಳು ಇಂಪಾಲಾಗಳನ್ನು ಬೆನ್ನಟ್ಟುವ ದೃಶ್ಯವನ್ನು, ಅಲುಗಾಟ ತಡೆಯುವ ಉಪಕರಣದಲ್ಲಿ ಕ್ಯಾಮೆರಾ ಕೂರಿಸಿ, ಪ್ರಾಣಿಗಳು ಬೆದರದಷ್ಟು ದೂರದಲ್ಲಿ ಹಾರುವ ಹೆಲಿಕಾಪ್ಟರಿನಿಂದ ಚಿತ್ರೀಕರಿಸಲಾಯಿತು. ಅಲ್ಲಿ ಹೆಲಿಕಾಪ್ಟರಿನ ಅಬ್ಬರವಲ್ಲದೆ ಬೇರೇನು ಕೇಳಿಸೀತು? ದಕ್ಷಿಣ ಆಫ್ರಿಕಾದ ಕಡಲಲ್ಲಿ ಸೀಲನ್ನು ಹಿಡಿಯಲು ಚಿಮ್ಮುವ ಬಿಳಿ ಶಾರ್ಕಿನ ನೆಗೆತವನ್ನು 40 ಪಟ್ಟು ನಿಧಾನಗೊಳಿಸಿ ತೋರಿಸಿದರು. ಧ್ವನಿಯನ್ನೂ ಅಷ್ಟೇ ಹಿಗ್ಗಿಸಿದರೆ ಗುರುತು ಸಿಗದ ಗುಂಯ್‌ಗುಡುವಿಕೆ ಉಳಿಯುತ್ತದೆ. ಇಂಥ ದೃಶ್ಯಗಳ ಧ್ವನಿ ಬೇರೆ ಹೊತ್ತಿನಲ್ಲಿ ಹಿಡಿದದ್ದು ಅಥವಾ ಸ್ಟುಡಿಯೋದಲ್ಲಿ ಮಾಡಿದ್ದು. ನಿರೂಪಣೆಯೂ ಬೇರೆಯೇ ಪದರವಾದ್ದರಿಂದ, ಬ್ರಿಟನ್ನಿನಲ್ಲಿ ಡೇವಿಡ್ ಅಟೆನ್‌ಬರೋ ಓದಿದ ಸರಣಿಗೆ ಅಮೆರಿಕದ ಡಿಸ್ಕವರಿ ವಾಹಿನಿಯಲ್ಲಿ ನಟಿ ಸಿಗೋರ್ನಿ ವೀವರ್ ದನಿಯಾದರು.

ನಮ್ಮ ಪುಟ್ಟ ಚಿತ್ರಗಳಲ್ಲೂ ಇದೇ ಪಾಡು. ರಂಗನತಿಟ್ಟಿನಲ್ಲಿ ದೋಣಿಯ ಮೇಲಿಂದ ಉದ್ದನೆಯ ಲೆನ್ಸು ಗೂಡಿನೊಳಗಿನ ಮರಿಯನ್ನು ಕಣ್ಣೆದುರಿಗೆ ತರುತ್ತದೆ. ಮೈಕಿಗೆ ಸಿಗುವುದು ಹುಟ್ಟು ಹಾಕುವ ಸದ್ದು ಮತ್ತು ಪ್ರವಾಸಿಗರ ಮಾತು. ಹೀಗಾಗಿ ಧ್ವನಿಗೆಂದೇ ಬೇರೆ ಸಮಯ ಮೀಸಲಿಡಬೇಕು, ಉಳಿದದ್ದನ್ನು ಕೈಯಾರೆ ಮಾಡಿಕೊಳ್ಳಬೇಕು. ಹೆಜ್ಜಾರ್ಲೆಯ ರೆಕ್ಕೆ ಬಡಿತಕ್ಕೆ ನಾವು ಹಳೆಯ ಛತ್ರಿಯನ್ನು ರಪರಪನೆ ಬಿಚ್ಚಿ ಮುಚ್ಚುತ್ತೇವೆ. ಇದರಲ್ಲಿ ನನಗೆ ಸಂಕೋಚವಿಲ್ಲ, ಏಕೆಂದರೆ ಹೆಜ್ಜಾರ್ಲೆ ರೆಕ್ಕೆ ಬಡಿದಾಗ ಸದ್ದು ಆಗಿಯೇ ಆಗುತ್ತದೆ.

ಇಲ್ಲದ ದನಿಯನ್ನು ಹಾಕುವುದು ಬೇರೆ ಮಾತು. ಬಣ್ಣದ ಕೊಕ್ಕರೆಗಳಲ್ಲಿ ಬೆಳೆದ ಹಕ್ಕಿಗಳು ಬಹುಪಾಲು ಮೂಕವೇ. ಗೂಡಿನ ಬಳಿ ಕೊಕ್ಕನ್ನು ಕಟಕಟ ಬಡಿಯುವುದು, ಅಪರೂಪಕ್ಕೆ ಮೆಲ್ಲಗೆ ನರಳಿದಂತೆ ಸದ್ದು ಮಾಡುವುದು ಬಿಟ್ಟರೆ ಅವುಗಳಿಂದ ಹೆಚ್ಚೇನೂ ಕೇಳಿಬರುವುದಿಲ್ಲ. ಗದ್ದಲವೆಲ್ಲ ಮರಿಗಳದ್ದು. ಆದರೂ ಆಕಾಶದಲ್ಲಿ ತೇಲುವ ಕೊಕ್ಕರೆಗೆ ಒಂದು ಕೂಗು ಬೇಕು ಎಂಬ ಬೇಡಿಕೆ ಬರುತ್ತಲೇ ಇರುತ್ತದೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗೆ, “ಸಾರ್, ಒಂದು ಗುರುಗುಟ್ಟು ಹಾಕೋಣವೇ?” ಎಂದು ಶಿಷ್ಯನೊಬ್ಬ ಕೇಳಿದ್ದ. ಅದು ಬಾಯಿ ತೆರೆಯುವುದು ಮೈಯ ಬಿಸಿಯನ್ನು ಹದದಲ್ಲಿಡಲು, ಯಾರನ್ನೋ ಗದರಿಸಲು ಅಲ್ಲ. ಅಲ್ಲಿ ಗುರುಗುಟ್ಟು ಸೇರಿಸಿದರೆ ಬಿಸಿಲು ಕಾಯುತ್ತಿರುವ ಜೀವವನ್ನು ನೋಡುಗರು ಸಿಟ್ಟಿನ ಜೀವವೆಂದು ನಂಬುತ್ತಾರೆ. ನಿರೂಪಣೆಯಲ್ಲಿ ಒಂದೂ ಸುಳ್ಳು ಪದವಿಲ್ಲದೆ ಸುಳ್ಳು ಹೇಳಿದಂತಾಗುತ್ತದೆ.

ತೆಗೆದುಹಾಕುವುದರಲ್ಲೂ ಇದೇ ವಿವೇಕ ಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಊರೊಳಗಿನ ಮರಗಳ ಮೇಲೆ. ಕೆಳಗೆ ಟ್ರ್ಯಾಕ್ಟರು ಓಡಾಡುತ್ತದೆ, ಹಸು ಅಂಬಾ ಎನ್ನುತ್ತದೆ, ಯಾರೋ ಯಾರನ್ನೋ ಕೂಗುತ್ತಾರೆ. ಅಲ್ಲಿ ತೆಗೆದ ಚಿತ್ರವೊಂದರ ನಿರ್ಮಾಪಕರು ಈ ಸದ್ದನ್ನೆಲ್ಲ ಅಳಿಸಿ ಕೊಳಲಿನ ಜೊತೆ ದಟ್ಟ ಕಾಡಿನ ಧ್ವನಿ ಹಾಕಲು ಹೇಳಿದರು. ಜನರ ಸೂರಿನ ಮೇಲೆಯೇ ಹಕ್ಕಿ ಮರಿ ಮಾಡುತ್ತದೆಂಬುದೇ ಆ ಊರಿನ ಹಿರಿಮೆಯಾಗಿರುವಾಗ, ಊರನ್ನೇ ಕೇಳಿಸದಂತೆ ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಕೊಳಲು ಉಳಿಯಿತು, ಟ್ರ್ಯಾಕ್ಟರೂ ಉಳಿಯಿತು.

ಕೆಲಸ ಕಲಿಯುವವರಿಗೆ ನಾನು ಮೊದಲು ಹೇಳಿಕೊಡುವುದು ಧ್ವನಿಯ ಕಡತಕ್ಕೆ ಹೆಸರಿಡುವುದನ್ನು: ಯಾವ ಜಾಗ, ಯಾವ ತಿಂಗಳು, ಯಾವ ಹೊತ್ತು, ನಿಜವೋ ಸ್ಟುಡಿಯೋದ್ದೋ. ‘ಕಾವೇರಿ’ ಎಂದಷ್ಟೇ ಬರೆದಿಟ್ಟರೆ ಉಪಯೋಗವಿಲ್ಲ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ರಂಗನತಿಟ್ಟಿನ ಬಂಡೆಗಳು ಮುಳುಗಿ, ಕೆಲವೊಮ್ಮೆ ದೋಣಿ ವಿಹಾರವೂ ನಿಂತು, ಹೊಳೆ ಭೋರ್ಗರೆಯುತ್ತದೆ. ಆ ಭೋರ್ಗರೆತವನ್ನು ಬೇಸಿಗೆಯ ಗೂಡುಗಳ ದೃಶ್ಯಕ್ಕೆ ಹಾಕಿದರೆ ಶ್ರೀರಂಗಪಟ್ಟಣದ ಯಾವ ಅಂಬಿಗನಾದರೂ ಅದನ್ನು ಕೇಳಿದೊಡನೆ ಹಿಡಿಯುತ್ತಾನೆ.