ಹೊಲಿಗೆ ಬಿಚ್ಚಿದ ಡಾಕ್ಟರು

ತೊಗರಿ ಕೊಯ್ದ ಹೊಲದಲ್ಲಿ ಓಡಬಾರದು ಅಂತ ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಓರೆಯಾಗಿ ಕತ್ತರಿಸಿದ ಕೂಳೆ ಚಪ್ಪಲಿಯನ್ನೂ ದಾಟಿ ಚುಚ್ಚುತ್ತದೆ. ಆದರೂ ನಮ್ಮ ಕಾಕಾ ಬೆದರಿದ ಎತ್ತಿನ ಹಿಂದೆ ಓಡಿ ಬಿದ್ದ. ಕೂಳೆ ಮೀನಖಂಡದೊಳಗೆ ಹೊಕ್ಕಿತು. ಹತ್ತಿರದಲ್ಲೇ ಒಬ್ಬರು ಬಿಗಿಯಾಗಿ ಹೊಲಿಗೆ ಹಾಕಿ ಕಳಿಸಿದರು. ಎರಡು ದಿನದಲ್ಲಿ ಕಾಲು ಬಾತು ಕಪ್ಪಗಾಯಿತು. ಜೀಪಿನಲ್ಲಿ ಮಲಗಿಸಿಕೊಂಡು ಆಳಂದ ರಸ್ತೆ ಹಿಡಿದು ಕಲಬುರಗಿಗೆ ಬಂದೆವು.

ಅಲ್ಲಿ ಸಿಕ್ಕವರು ಸೈನ್ಯದಿಂದ ನಿವೃತ್ತರಾದ ಸರ್ಜನ್. ಎಲ್ಲರೂ ಅವರನ್ನು ಮೇಜರ್ ಸಾಹೇಬ್ರು ಅಂತಿದ್ದರು. ಇಲ್ಲಿನ ಎಂ.ಆರ್. ಮೆಡಿಕಲ್ ಕಾಲೇಜು 1963ರಲ್ಲಿ ಶುರುವಾಯಿತಲ್ವಾ, ಅದರ ಮೊದಮೊದಲ ಬ್ಯಾಚಿನವರು. ಕಾಕಾ ಒಂದೇ ಸಮನೆ ಚೀರುತ್ತಿದ್ದ. ಅವರು ಅವನನ್ನು ದಾಟಿ ಮೂಲೆಯಲ್ಲಿ ತೆಪ್ಪಗೆ ಮಲಗಿದ್ದ ಒಬ್ಬ ಹುಡುಗನ ಕಡೆ ಹೋದರು. ನಮಗೆ ಸಿಟ್ಟು ಬಂತು. "ಒದರ್ಲಾಕತ್ತಾನಂದ್ರ ಉಸಿರು ಚೊಲೋ ಅದ. ಸುಮ್ಮನ ಬಿದ್ದೋರನ್ನ ಮೊದಲ ನೋಡಬೇಕು," ಅಂದರು.

ಆಮೇಲೆ ಕಾಕಾನನ್ನು ಆಪರೇಷನ್ ಕೋಣೆಗೆ ಒಯ್ದು ಹೊಲಿಗೆ ಎಲ್ಲಾ ಬಿಚ್ಚಿದರು. ಬಣ್ಣ ಕೆಟ್ಟ, ಚಿಮಟದಲ್ಲಿ ಹಿಡಿದರೂ ಮಿಡಿಯದ, ಕೊಯ್ದರೂ ರಕ್ತ ಬಾರದ ಮಾಂಸವನ್ನು ಕತ್ತರಿಸಿ ತೆಗೆದರಂತೆ. ಗಾಯವನ್ನು ತೆರೆದೇ ಇಟ್ಟು ಮೇಲೆ ಬಟ್ಟೆ ಹಾಕಿದರು. ಎಚ್ಚರವಾದ ಮೇಲೆ ಕಾಕಾ ಬಾಯಿ ಮಾಡಿದ್ದೇ ಮಾಡಿದ್ದು: "ಕಾಲ್ ನೆಟ್ಟಗ ಮಾಡ್ರಿ ಅಂತ ಬಂದ್ರ ಇದ್ದ ಹೊಲಿಗಿನೂ ಬಿಚ್ಚಿದ್ರಲ್ರಿ ಸಾಹೇಬ್ರ!"

ಸಂಜೆ ರೌಂಡ್ಸಿಗೆ ಬಂದಾಗ ಅವರು ಸ್ಟೂಲ್ ಎಳೆದುಕೊಂಡು ಕೂತು ಕಾರಣ ಹೇಳಿದರು. ಮಣ್ಣು, ಸಗಣಿ ಹೊಕ್ಕ ಗಾಯವನ್ನು ಕೂಡಲೇ ಮುಚ್ಚಿದರೆ ಗಾಳಿ ಬೇಡದ ರೋಗಾಣು ಒಳಗೇ ಬೆಳೆಯುತ್ತವೆ. ಗ್ಯಾಸ್ ಗ್ಯಾಂಗ್ರೀನ್ ಅಂದರೆ ಅದೇ. ಸೈನ್ಯದ ಡಾಕ್ಟರುಗಳು ಈ ಪಾಠ ಕಲಿತದ್ದು ಮೊದಲ ಮಹಾಯುದ್ಧದಲ್ಲಿ. ಫ್ರಾನ್ಸ್, ಬೆಲ್ಜಿಯಂನ ರೈತರು ವರ್ಷಗಟ್ಟಲೆ ತಿಪ್ಪೆ ಗೊಬ್ಬರ ಹಾಕಿದ ಹೊಲಗಳಲ್ಲೇ ಸೈನಿಕರು ಕಂದಕ ತೋಡಿ ಕೂತಿದ್ದರು. ಗುಂಡಿಗಿಂತ ಆ ಮಣ್ಣು ಹೊಕ್ಕ ಗಾಯವೇ ಎಷ್ಟೋ ಜನರನ್ನು ತಿಂದಿತು. "ನಿಮ್ಮ ಹೊಲಾನೂ ಅಂಥಾದ್ದೇ ಗೌಡ್ರ," ಅಂತ ನಕ್ಕರು.

ಅವರು ಇದನ್ನು ಕಣ್ಣಾರೆ ಕಂಡದ್ದು 1971ರ ಡಿಸೆಂಬರಿನಲ್ಲಿ, ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ. ಆಗಿನ್ನೂ ಹೊಸ ಕ್ಯಾಪ್ಟನ್, ಸರ್ಜನ್ನರ ಕೈಕೆಳಗೆ ಸಹಾಯಕ. ಪಶ್ಚಿಮ ಗಡಿಯ ಶಕರ್‌ಗಢದ ಕಡೆ, ಬಸಂತರ್ ನದಿಯ ಸುತ್ತ ನೆಲದ ತುಂಬ ಮೈನ್, ಅಂದರೆ ಹುಗಿದಿಟ್ಟ ಸಿಡಿಮದ್ದು. ಮೈನ್ ಮೇಲೆ ಕಾಲಿಟ್ಟವನ ಪಾದ ಹೋಗುವುದು ಒಂದು. ಬೂಟಿನ ಚೂರು, ಕಾಲುಚೀಲದ ನೂಲು, ಮಣ್ಣು ಎಲ್ಲ ಮಾಂಸದೊಳಗೆ ಮೇಲಕ್ಕೆ ನುಗ್ಗುವುದು ಇನ್ನೊಂದು. ಡೇರೆಯಲ್ಲಿ ಕೂತು ಆ ನೂಲನ್ನು ಒಂದೊಂದಾಗಿ ಹೆಕ್ಕುವುದು ತಮ್ಮ ಕೆಲಸವಾಗಿತ್ತು ಅಂದರು. ಹೊಲಿಗೆ ಹಾಕುವಂತಿರಲಿಲ್ಲ. ಗಾಯ ತೊಳೆದು, ತೆರೆದಿಟ್ಟು ಗಡಿಯಿಂದ ದೂರದ ದೊಡ್ಡ ಆಸ್ಪತ್ರೆಗೆ ಕಳಿಸುವುದು. ನಾಲ್ಕೈದು ದಿನ ಬಿಟ್ಟು, ಕೀವಿಲ್ಲದಿದ್ದರೆ ಅಲ್ಲಿಯವರು ಹೊಲಿಯುತ್ತಿದ್ದರು. ಯುದ್ಧದ ಕಥೆ ಅಂದರೆ ನಾನು ತೋಪು, ಟ್ಯಾಂಕು ಅಂದುಕೊಂಡಿದ್ದೆ. ಕಾಲುಚೀಲದ ನೂಲಿನ ಸುದ್ದಿ ಯಾರೂ ಹೇಳಿರಲಿಲ್ಲ.

"ಹದಿನಾರಕ್ಕ ಢಾಕಾದಾಗ ಪಾಕಿಸ್ತಾನದವರು ಶರಣಾದ್ರು, ಮರುದಿನ ಪಶ್ಚಿಮ ಗಡಿ ಕಡಿನೂ ಕದನ ನಿಂತಿತು. ಅಲ್ಲಿಗೆ ನಿಮ್ಮ ಕೆಲಸ ಮುಗೀತಲ್ರೀ?" ಅಂತ ಕೇಳಿದೆ.

"ಎಲ್ಲಿ ಮುಗೀತದ? ಯುದ್ಧ ನಿಂತದ್ದು ಭೂಮ್ಯಾಗಿನ ಮೈನಿಗಿ ಯಾರ್ ಹೇಳಬೇಕು? ತೆಗಿಲಿಕ್ಕ ಹೋದ ಹುಡುಗರೇ ಬರ್ತಿದ್ರು." ಮುಂದೆ ಒಬ್ಬನ ಬಗ್ಗೆ ಏನೋ ಹೇಳಲು ಹೋಗಿ ತಡೆದರು. ಕಾಕಾನ ಕಡೆ ತಿರುಗಿ, "ಗೌಡ್ರ, ತೊಗರಿ ರೇಟ್ ಏನ್ ನಡದದ ಈಗ?" ಅಂದರು.

ಕಾಕಾ ಕಾಲು ಮರೆತು ಎದ್ದು ಕೂತ. ಗಂಜಿನ, ಅಂದರೆ ಕಾಳಿನ ಮಾರುಕಟ್ಟೆಯ, ಅಡತಿ ದಲ್ಲಾಳಿಗಳನ್ನು ಒಬ್ಬೊಬ್ಬರನ್ನಾಗಿ ಬಯ್ಯತೊಡಗಿದ. ಸಾಹೇಬ್ರು ಅಷ್ಟನ್ನೂ ಕೂತು ಕೇಳಿದರು.